ಸಭೆಗೆ ಮುಂಚೆ ಬರೆದಿಟ್ಟ ನಡಾವಳಿ

ಆ ಶನಿವಾರವೂ ಐದೂವರೆಗೆ ಸರಿಯಾಗಿ ನಲ್ಲಿ ಕೆಮ್ಮಿತು. ಮೊದಲು ಗಾಳಿ, ಆಮೇಲೆ ಕೆಂಚು ನೀರು, ಅದರ ಹಿಂದೆ ಒಳ್ಳೆಯ ನೀರು. ಆರೂವರೆಯೊಳಗೆ ಮೂರು ಬಕೆಟ್ಟು, ಒಂದು ಹಂಡೆ, ಎರಡು ಕೊಡ ತುಂಬಿಬಿಡಬೇಕು. ನಾಗಪುರದ ಡಿಸೆಂಬರಿನಲ್ಲಿ ಹಿತ್ತಾಳೆ ಕೊಡ ಮುಟ್ಟಿದರೆ ಬೆರಳು ಮರಗಟ್ಟುತ್ತಿತ್ತು. ಕಾರ್ಖಾನೆಯ ಮೊದಲ ಭೋಂಗಾ ಕೂಗುವಷ್ಟರಲ್ಲಿ ನಮ್ಮವರ ಡಬ್ಬಿ ಕಟ್ಟಿ ಆಗಿತ್ತು. ಎರಡನೆಯದು ಕೂಗುವಾಗ ಅವರ ಸೈಕಲ್ಲು ತಿರುವಿನಲ್ಲಿತ್ತು. ಮಗ ಬರ್ಡಿ ಪೇಟೆಯಲ್ಲಿ ಕೊಂಡ ಹೊಸ ಸ್ವೆಟರ್ ಚುಚ್ಚುತ್ತದೆಂದು ರಾಗ ಎಳೆಯುತ್ತಲೇ ಅರ್ಧ ದಿನದ ಶಾಲೆಗೆ ಹೊರಟ.

ಅದಾದ ಮೇಲೆ ನಾನು ಕೋಡುಬಳೆಗೆ ಹಿಟ್ಟು ಕಲಸಿದೆ. ಮಧ್ಯಾಹ್ನ ಮೂರಕ್ಕೆ ಶಾಲಾ ಸಮಿತಿಯ ಸಭೆ. ಸಭೆಗೆ ತಿಂಡಿ ನನ್ನದು.

ಕಾರ್ಖಾನೆ ಕಾಲೋನಿಯ ಆ ಶಾಲೆ ಏಳನೆಯ ತರಗತಿವರೆಗಿನದು, ಹಿಂದಿ ಮಾಧ್ಯಮ. ಅದನ್ನು ನೋಡಿಕೊಳ್ಳಲು ಐದು ಜನರ ಸಮಿತಿ: ಅಧ್ಯಕ್ಷರು ಕಾರ್ಖಾನೆಯ ಸಾಹೇಬರು, ಕಾರ್ಯದರ್ಶಿ ಕಚೇರಿಯ ಹಿರಿಯ ಗುಮಾಸ್ತರು, ಶಾಲೆಯ ಹೆಡ್‌ಮಿಸ್ಟ್ರೆಸ್, ಮಕ್ಕಳ ತಂದೆಯರ ಪರವಾಗಿ ಒಬ್ಬರು, ತಾಯಂದಿರ ಪರವಾಗಿ ನಾನು. ನನ್ನನ್ನು ಆರಿಸಿದ್ದಕ್ಕೆ ಕಾರಣ ದೊಡ್ಡದೇನಲ್ಲ. ಗಣಪತಿ ಹಬ್ಬದಲ್ಲಿ ಸಾಹೇಬರ ಹೆಂಡತಿಯ ಜೊತೆ ಇಂಗ್ಲಿಷಿನಲ್ಲಿ ನಾಲ್ಕು ಮಾತಾಡಿದ್ದೆ. ಮೈಸೂರಿನ ಕಾನ್ವೆಂಟಿನಲ್ಲಿ ಓದಿದವಳು ಎಂದು ಆಕೆ ಹೇಳಿದ್ದೇ ತಡ, ‘ಲೇಡಿ ಮೆಂಬರ್’ ಆಗಿಬಿಟ್ಟೆ. ಮೂರು ಸಭೆಗಳಲ್ಲಿ ನಾನಿದ್ದದ್ದು ಪಕ್ಕದ ಕೋಣೆಯಲ್ಲಿ, ಚಹಾದ ಪಾತ್ರೆಯ ಮುಂದೆ. ಕೊನೆಗೆ ಕಾರ್ಯದರ್ಶಿಗಳು ನಡಾವಳಿ ಪುಸ್ತಕವನ್ನು ಅಲ್ಲಿಗೇ ತಂದು, ಬೆರಳಿಟ್ಟು ಜಾಗ ತೋರಿಸುತ್ತಿದ್ದರು. ಸೆರಗಿಗೆ ಕೈ ಒರೆಸಿಕೊಂಡು ಸಹಿ ಹಾಕುತ್ತಿದ್ದೆ. ಏನು ಬರೆದಿದೆ ಎಂದು ಒಮ್ಮೆಯೂ ಓದಿರಲಿಲ್ಲ.

ನಿಜ ಹೇಳಬೇಕೆಂದರೆ ಮೆಂಬರ್ ಆದ ಹೊಸದರಲ್ಲಿ ಒಂದು ಸಲ ಅತಿ ಉತ್ಸಾಹವನ್ನೂ ತೋರಿಸಿದ್ದೆ. ಮಗ ಮರೆತ ಡಬ್ಬಿ ಕೊಡಲು ಹೋದಾಗ ಒಂದನೆಯ ತರಗತಿಯ ಟೀಚರ್ ಮಕ್ಕಳಿಗೆ ಬೆನ್ನು ಹಾಕಿ ಬೋರ್ಡಿಗೆ ಪಾಠ ಹೇಳುತ್ತಿದ್ದರು. ನಾನು ಒಳಗೇ ನುಗ್ಗಿ, ಸೀಮೆಸುಣ್ಣ ಇಸಿದುಕೊಂಡು, ಹೇಗೆ ನಿಲ್ಲಬೇಕೆಂದು ತೋರಿಸಿದೆ! ಹೆಡ್‌ಮಿಸ್ಟ್ರೆಸ್ ನನ್ನನ್ನು ಕೋಣೆಗೆ ಕರೆದು, ಕಿತ್ತಳೆ ಸುಲಿದು ಎರಡು ತೊಳೆ ಕೈಗಿಟ್ಟರು. ಆಮೇಲೆ ತಣ್ಣಗೆ ಹಿಂದಿಯಲ್ಲಿ ಹೇಳಿದರು: "ಹೇಗೆ ಕಲಿಸಬೇಕು ಅಂತ ನೀವು ಹೇಳಬೇಡಿ, ಅದು ನಮ್ಮ ಕೆಲಸ. ಮಕ್ಕಳು ಕಲಿತರಾ ಅಂತ ಕೇಳಿ. ಇಷ್ಟು ವರ್ಷದಲ್ಲಿ ಸಮಿತಿಯವರು ಯಾರೂ ಕೇಳಿಲ್ಲ." ಮುಖ ಬಿಸಿಯಾಗಿ ಮನೆಗೆ ಬಂದಿದ್ದೆ. ಬೈಸಿಕೊಂಡದ್ದಷ್ಟೇ ನೆನಪಿನಲ್ಲಿ ಉಳಿದಿತ್ತು.

ಹಿಟ್ಟು ಹೊಸೆಯುತ್ತಿದ್ದಾಗ ಹಿತ್ತಲ ಬಾಗಿಲಲ್ಲಿ ಪಕ್ಕದ ಮನೆಯವರು ಮಗಳನ್ನು ಮುಂದೆ ತಳ್ಳಿಕೊಂಡು ನಿಂತರು. ಧಾರವಾಡದ ಕಡೆಯವರು, ದೀಪಾವಳಿ ಮುಗಿಸಿ ಇಲ್ಲಿಗೆ ವರ್ಗವಾಗಿ ಬಂದವರು.

"ನೋಡ್ರಿ ಅಕ್ಕಾರ, ಇವತ್ತೂ ಹೊಟ್ಟಿ ನೂಸ್ತದಂತ. ಸಾಲಿ ಗಂಟಿ ಹೊಡೀತು, ಹೊಟ್ಟಿ ನೂಸೂದು ನಿಂತ್ತು. ಎಂಥಾ ಜಾಣ ಹೊಟ್ಟಿ!"

"ಇರ್ಲಿ ಬಿಡ್ರೀ, ಇಲ್ಲೇ ನನ್ ಜೊತೆ ಕೂತಿರ್ಲಿ."

"ಕೂಡಸ್ಕೋರಿ. ಮನ್ಯಾಗಿದ್ರ ನನ್ನ ತಲಿ ತಿಂತಾಳ. ನಿಮ್ಮಲ್ಲಿ ಕೋಡಬಳಿ ಆದ್ರೂ ತಿನ್ಲಿ."

ಹುಡುಗಿಯ ಹೊಟ್ಟೆನೋವು ನಮ್ಮಿಬ್ಬರಿಗೂ ಗೊತ್ತಿದ್ದದ್ದೇ. ಊರಲ್ಲಿ ನಾಲ್ಕನೆಯ ತರಗತಿಯಲ್ಲಿದ್ದವಳು. ಹಿಂದಿ ಬಾರದೆಂದು ಇಲ್ಲಿ ಮೂರರಲ್ಲಿ ಕೂರಿಸಿದ್ದರು. ಉದ್ದನೆಯ ಹುಡುಗಿ, ಕೊನೆಯ ಬೆಂಚಿನಲ್ಲಿ ಮೊಣಕಾಲು ಮಡಚಿ ಕೂರಬೇಕಿತ್ತು. ಚಿಕ್ಕ ಮಕ್ಕಳು ಅವಳನ್ನು ‘ದೀದಿ’ ಎಂದು ಕರೆದು ನಗುತ್ತಿದ್ದವು. ಅದು ಶಾಲೆಯ ನಿಯಮವೇ ಇರಬೇಕು, ಪಾಪ, ಎಂದುಕೊಂಡು ನಾನೂ ಸುಮ್ಮನಿದ್ದೆ.

ಕರಿದ ಕೋಡುಬಳೆಗಳನ್ನು ಅವಳು ಹಳೆಯ ಪತ್ರಿಕೆಯ ಮೇಲೆ ಸಾಲುಸಾಲಾಗಿ ಜೋಡಿಸಿದಳು. ಎಷ್ಟಾಯಿತೇ ಎಂದೆ. ಸಾಲುಗಳ ಮೇಲೆ ಒಮ್ಮೆ ಕಣ್ಣಾಡಿಸಿ, "ಹದಿನಾರಾರ್ಲೆ ತೊಂಬತ್ತಾರು, ಕಾಕು" ಎಂದಳು. ನಾಲ್ಕನೆಯ ತರಗತಿಯಲ್ಲೇ ಇದ್ದ ನನ್ನ ಮಗನಾಗಿದ್ದರೆ ಒಂದೊಂದೇ ಮುಟ್ಟಿ ಎಣಿಸುತ್ತಿದ್ದ. ನಡುವೆ ನಾಲ್ಕು ತಿಂದು ಲೆಕ್ಕ ತಪ್ಪಿಸುತ್ತಿದ್ದ.

ಮೂರಕ್ಕೆ ಡಬ್ಬಿ ಹಿಡಿದು ಹೋದೆ. ಅಂದು ಕಾರ್ಯದರ್ಶಿಗಳಿಗೆ ಯಾರದೋ ಮದುವೆಯ ದಿಬ್ಬಣಕ್ಕೆ ಹೋಗುವ ಅವಸರ. ಹಾಗಾಗಿ ಸಭೆ ಆರಂಭವಾಗುವ ಮೊದಲೇ ನಡಾವಳಿ ಪುಸ್ತಕ ಮೇಜಿನ ಸುತ್ತ ಹೊರಟಿತ್ತು. "ಭಾಭಿಜೀ, ಜಲ್ದಿ ಒಂದು ಸಹಿ ಹಾಕಿಬಿಡಿ, ಆಮೇಲೆ ಚಹಾ" ಎಂದರು. ಅಂದೇ ಮೊದಲು ನಾನು ಮೇಜಿನ ಮುಂದೆ ಕುರ್ಚಿಯಲ್ಲಿ ಕೂತದ್ದು. ಕೈಯಲ್ಲಿ ಹಿಟ್ಟೂ ಇರಲಿಲ್ಲ, ಎಣ್ಣೆಯೂ ಇರಲಿಲ್ಲ. ಓದಿದೆ.

ಸೊಗಸಾದ ಓರೆ ಇಂಗ್ಲಿಷ್ ಬರಹ. ಇನ್ನೂ ನಡೆಯದ ಸಭೆ ಅದರಲ್ಲಿ ನಡೆದು ಮುಗಿದಿತ್ತು. ಮೊದಲನೆಯದು ಗೇಟಿಗೆ ಹಸಿರು ಬಣ್ಣ. ಎರಡನೆಯದು ವಾರ್ಷಿಕೋತ್ಸವದ ಅತಿಥಿಗೆ ಶಾಲು. ಮೂರನೆಯದು, ಬೇರೆ ರಾಜ್ಯಗಳಿಂದ ನಡುವರ್ಷದಲ್ಲಿ ಬರುವ, ಹಿಂದಿ ತಿಳಿಯದ ಮಕ್ಕಳನ್ನು ಇನ್ನು ಮುಂದೆ ಕಡ್ಡಾಯವಾಗಿ ಒಂದು ತರಗತಿ ಕೆಳಗೆ ಸೇರಿಸುವುದು. ಈಗಾಗಲೇ ಸೇರಿದವರು ಹಾಗೆಯೇ ಮುಂದುವರಿಯುವುದು. ಸರ್ವಾನುಮತದಿಂದ ಅಂಗೀಕರಿಸಲಾಯಿತು.

ಹಾಗಾದರೆ ಇಷ್ಟು ದಿನ ನಿಯಮವೇ ಇರಲಿಲ್ಲ. ಇದಕ್ಕೆ ಸಹಿ ಬಿದ್ದರೆ ಹುಡುಗಿಯ ಒಂದು ವರ್ಷ ಹೋದಂತೆಯೇ. ಹಿಂದಿನ ಪುಟ ತಿರುಗಿಸಿದೆ. ನವೆಂಬರಿನ ಸಭೆ. ಹೊಸದಾಗಿ ಸೇರಿದವರ ಪಟ್ಟಿಯಲ್ಲಿ ಅವಳ ಹೆಸರು, ಮುಂದೆ ‘ನಾಲ್ಕರಿಂದ ಮೂರಕ್ಕೆ’. ಕೆಳಗೆ ಐದು ಸಹಿ. ಐದನೆಯದು ನನ್ನದು, ಪಕ್ಕದಲ್ಲಿ ನನ್ನದೇ ಹೆಬ್ಬೆರಳಿನ ಎಣ್ಣೆ ಕಲೆ.

ಸಹಿ ಹಾಕುವುದಿಲ್ಲ ಎನ್ನಲು ನಾಲಿಗೆ ಏಳಲಿಲ್ಲ. ನಾನು ಅಂಥ ಗಟ್ಟಿಗಿತ್ತಿಯಲ್ಲ. ಕೇಳಲು ಮಾತ್ರ ಬಂತು.

"ಸರ್, ಹೀಗೆ ಕೆಳಗಿಳಿಸಿದ ಮಕ್ಕಳು ಆಮೇಲೆ ಹೇಗೆ ಕಲಿತಿದ್ದಾರೆ? ಅದರಿಂದ ಅವರಿಗೆ ಒಳ್ಳೇದಾಗಿದೆಯಾ?"

ಕಾರ್ಯದರ್ಶಿಗಳು ಗಡಿಯಾರ ನೋಡಿದರು. "ಅರೆ ಭಾಭಿಜೀ, ಇದು ಮೊದಲಿಂದ ಹೀಗೇ ನಡೆದು ಬಂದಿದೆ. ನೀವು ಕೋಡುಬಳೆ ತೆಗೆಯಿರಿ."

"ತೆಗೀತೀನಿ ಭಾಯಿಸಾಹೇಬ್. ಅದನ್ನ ಬೆಳಿಗ್ಗೆ ಎಣಿಸಿದ್ದು ಆ ಪಟ್ಟಿಯಲ್ಲಿರೋ ಹುಡುಗಿ. ಹದಿನಾರರ ಮಗ್ಗಿಯಲ್ಲಿ ಎಣಿಸಿದಳು. ಅವಳಿಗೆ ಬಾರದೇ ಇರೋದು ಹಿಂದಿ. ಮೂರನೇ ಕ್ಲಾಸಿನ ಲೆಕ್ಕ ಇನ್ನೊಂದು ಸಲ ಮಾಡಿದರೆ ಹಿಂದಿ ಬರತ್ತಾ?"

ಅಧ್ಯಕ್ಷರು ಕನ್ನಡಕ ತೆಗೆದು ಹೆಡ್‌ಮಿಸ್ಟ್ರೆಸ್ ಕಡೆ ತಿರುಗಿದರು. "ಮ್ಯಾಡಮ್, ಇದಕ್ಕೆ ನಿಮ್ಮಲ್ಲಿ ಉತ್ತರ ಇದೆಯೇ?"

ಅವರು ಎದ್ದು ಕಪಾಟಿನಿಂದ ಒಂದು ಕಟ್ಟು ಉತ್ತರ ಪತ್ರಿಕೆ ತಂದರು. ಆ ಆತುರ ನೋಡಿದರೆ ಎಷ್ಟೋ ದಿನದಿಂದ ಕಟ್ಟಿ ಇಟ್ಟುಕೊಂಡಿದ್ದರು ಅನ್ನಿಸಿತು. ತಮಿಳು ಹುಡುಗ ಒಬ್ಬ, ತೆಲುಗು ಅಕ್ಕತಂಗಿಯರು, ನಮ್ಮ ಹುಡುಗಿ. ಅಂಕಿಯ ಲೆಕ್ಕಗಳೆಲ್ಲ ಸರಿ. ಹಿಂದಿ ಮಾತಿನಲ್ಲಿ ಬರೆದ ಲೆಕ್ಕಗಳ ಜಾಗ ಖಾಲಿ. ಕೆಳಗಿನ ತರಗತಿಗೆ ಇಳಿದ ಮೇಲೂ ಅದೇ ಖಾಲಿ.

"ಕೆಳಗಿಳಿಸೋದು ನಮಗೆ ಸುಲಭ ಸಾಹೇಬ್, ಅದಕ್ಕೇ ಇಳಿಸ್ತೀವಿ" ಎಂದರು. "ಪ್ರಾರ್ಥನೆಗೆ ಮುಂಚೆ ದಿನಾ ಒಂದು ಗಂಟೆ ಹಿಂದಿ ಹೇಳಿಕೊಡೋಕೆ ನನ್ನ ಒಬ್ಬ ಟೀಚರ್ ತಯಾರಿದ್ದಾರೆ. ಸಮಿತಿ ಬೇಕು ಅಂತ ಹೇಳಬೇಕಷ್ಟೆ."

ತಂದೆಯರ ಪ್ರತಿನಿಧಿ, ಎಂದೂ ಮಾತಾಡದ ಮನುಷ್ಯ, ಕೆಮ್ಮಿ ಹೇಳಿದರು: "ಮೂರು ತಿಂಗಳು ನೋಡೋಣ. ಆಮೇಲೆ ನಮಗೆ ಪತ್ರಿಕೆ ತೋರಿಸಲಿ."

"ಬರೋಬರ್" ಎಂದರು ಅಧ್ಯಕ್ಷರು. "ಹೇಗೆ ಕಲಿಸ್ತಾರೆ ಅನ್ನೋದು ಅವರಿಗೆ ಬಿಡೋಣ. ಕಲಿತರಾ ಅಂತ ನಾವು ಪ್ರತಿ ಮೂರು ತಿಂಗಳಿಗೆ ಕೇಳೋಣ. ಮಕ್ಕಳು ಸೋಮವಾರದಿಂದ ಅವರವರ ತರಗತಿಗೆ ಹೋಗಲಿ. ಮತ್ತೆ, ಇನ್ನು ಮುಂದೆ ಈ ಪುಸ್ತಕ ಸಭೆಗೆ ಖಾಲಿ ಬರಲಿ."

ಹೆಡ್‌ಮಿಸ್ಟ್ರೆಸ್ ನನ್ನ ಕಡೆ ನೋಡಲಿಲ್ಲ. ಅಂದು ಅವರು ಕೋಣೆಯಲ್ಲಿ ಹೇಳಿದ್ದು ನನಗೆ ಆಗ ಅರ್ಥವಾಯಿತು. ಬೈಗುಳವೆಂದುಕೊಂಡಿದ್ದೆ, ಅದು ಕೋರಿಕೆಯಾಗಿತ್ತು.

ಕಾರ್ಯದರ್ಶಿಗಳ ಮುಖ ನೋಡಲಾಗುತ್ತಿರಲಿಲ್ಲ. ಒಂದು ಚಿತ್ತೂ ಇಲ್ಲದ ಪುಸ್ತಕ ಅದು. ಅಡಿಪಟ್ಟಿ ಇಟ್ಟು, ಉಸಿರು ಬಿಗಿಹಿಡಿದು, ಮೂರನೆಯ ವಿಷಯಕ್ಕೆ ಗೆರೆ ಎಳೆದರು. "ಭಾಭಿಜೀ, ನಿಮ್ಮನ್ನ ಚಹಾ ಮಾಡೋಕೆ ಸೇರಿಸಿಕೊಂಡದ್ದು, ನೀವು ನಮಗೇ ನೀರು ಕುಡಿಸಿದಿರಿ" ಎಂದರು. ಕೋಪವಿರಲಿಲ್ಲ. ದಿಬ್ಬಣ ಮರೆತು ಆರು ಕೋಡುಬಳೆ ತಿಂದು ಹೋದರು. ಚಹಾ ಅಂದು ಸೋಸಿದ್ದು ಸಾಹೇಬರೇ, ಅರ್ಧ ಮೇಜುಬಟ್ಟೆಗೆ.

ಮನೆಗೆ ಬರುವ ದಾರಿಯಲ್ಲಿ ಖುಷಿಯೇ ಇತ್ತು. ಆದರೂ ಒಂದು ಮಾತು ಹೇಳುವುದು ಬಾಕಿ ಇತ್ತು, ಅದಕ್ಕೆ ಕಾಲು ನಿಧಾನವಾಗುತ್ತಿತ್ತು. ಪಕ್ಕದ ಮನೆಯವರು ಹಿತ್ತಲಲ್ಲಿ ಬಿಸಿಲಿಗೆ ಹಾಕಿದ್ದ ರಜಾಯಿ ಮಡಚುತ್ತಿದ್ದರು. ಇನ್ನೊಂದು ತುದಿ ನಾನು ಹಿಡಿದೆ. ಸೋಮವಾರದಿಂದ ಮಗಳು ನಾಲ್ಕರಲ್ಲಿ ಕೂರುತ್ತಾಳೆ, ಒಂದು ಗಂಟೆ ಬೇಗ ಕಳಿಸಬೇಕು ಎಂದೆ. ಅವರ ಕೈ ನಿಂತಿತು.

"ಖರೇನ ರೀ?"

"ಖರೇ. ಇನ್ನೊಂದು ವಿಷಯ ಇದೆ ಕಣ್ರೀ. ಅವಳನ್ನ ಮೂರಕ್ಕೆ ಹಾಕಿದ ಕಾಗದಕ್ಕೆ ನಾನೂ ಸಹಿ ಮಾಡಿದ್ದೆ. ಓದದೇನೇ. ಇವತ್ತು ನೋಡಿ ಗೊತ್ತಾಯ್ತು."

ಅವರು ನನ್ನ ಮುಖ ನೋಡಿದರು. ಆಮೇಲೆ ನನ್ನ ಕೈಯಿಂದ ರಜಾಯಿಯ ತುದಿ ತೆಗೆದುಕೊಂಡು, ಮಡಿಕೆ ಸರಿಮಾಡಿ, ತೋಳಿನ ಮೇಲೆ ಹಾಕಿಕೊಂಡು ಬಾಗಿಲ ಕಡೆ ನಡೆದರು. ಹೊಸ್ತಿಲಲ್ಲಿ ಏನೋ ನೆನಪಾದಂತೆ ತಿರುಗಿದರು.

"ಅಲ್ರಿ ಅಕ್ಕಾರ, ನಾಕನೇತ್ತೇದ ಪುಸ್ತಕಕ್ಕ ರಟ್ಟು ಹಾಕಬೇಕಲ್ಲ, ಖಾಕಿ ಹಾಳಿ ಅದಾವೇನು ನಿಮ್ಮ ಮನ್ಯಾಗ?"