ನಾಟಕಕ್ಕೆ ಬರೆದ ಒಂದು ಸಾಲಿನ ಸುದ್ದಿ

ಅಣ್ಣನ ಮಗಳು ಕಳೆದ ವರ್ಷ ಕಾಲೇಜಿನ ನಾಟಕದಲ್ಲಿ ನಾಯಕಿಯಾಗಿದ್ದಳು. ಒಲ್ಲದ ಮದುವೆ ಗೊತ್ತಾದ ಹುಡುಗಿ ಕೊನೆಗೆ ಬಾವಿಗೆ ಬೀಳುವ ಕಥೆ. ಮರುದಿನದ ಪತ್ರಿಕೆಯನ್ನು ಒಬ್ಬ ಓದುವಾಗ ಪರದೆ ಬೀಳಬೇಕು. ಮೂವತ್ತು ವರ್ಷ ಸುದ್ದಿ ತಿದ್ದಿದವನೆಂದು ಅವನು ಓದುವ ಸುದ್ದಿ ಬರೆಯುವ ಕೆಲಸ ನನಗೆ ಬಂತು. ಐದು ನಿಮಿಷದಲ್ಲಿ ಬರೆದುಕೊಟ್ಟೆ: ‘ಜೀವನದಲ್ಲಿ ಜಿಗುಪ್ಸೆಗೊಂಡು ಯುವತಿಯೊಬ್ಬಳು ಬಾವಿಗೆ ಹಾರಿ ಮೃತಪಟ್ಟಿದ್ದಾಳೆ.’ ಠಾಣೆಯಿಂದ ಬರುವ ಇಂಥ ಸುದ್ದಿಗೆ ನಮ್ಮಲ್ಲಿ ಒಂದೇ ಅಚ್ಚು. ಕಾರಣ ಗೊತ್ತಿರಲಿ, ಬಿಡಲಿ, ಜಿಗುಪ್ಸೆ ಎಂದರೆ ಯಾರೂ ತಕರಾರು ತೆಗೆಯುವುದಿಲ್ಲ.

ಅಣ್ಣನ ಮಗಳಿಗೆ ಎಂ.ಎ. ಓದುವ ಆಸೆ. ಅಣ್ಣ ಗಂಡು ನೋಡಿ, ಮುಂದಿನ ಭಾನುವಾರ ಗಂಡಿನವರನ್ನು ಮಾತುಕತೆಗೆ ಕರೆದಿದ್ದ. ‘ಈಗ ಮದುವಿ ಒಲ್ಲೆ, ಅಪ್ಪಗ ನೀವೊಂದು ಮಾತು ಹೇಳ್ರಿ ಕಾಕಾ’ ಎಂದು ಅವಳು ನನ್ನನ್ನು ಎರಡು ಸಲ ಕೇಳಿದ್ದಳು. ‘ನೋಡೋಣು’ ಎಂದಿದ್ದೆ.

ದೇಶಪಾಂಡೆ ನಗರದಲ್ಲಿ ತಾಲೀಮು. ಚಹಾ ಬಂದಾಗ, ನಾಟಕದ ಹುಡುಗಿ ಸತ್ತದ್ದಕ್ಕೆ ತಪ್ಪು ಯಾರದೆಂಬ ವಾದ ಎದ್ದಿತು. ತಂದೆಯ ಪಾತ್ರದವನು ಅಂಟಿಸಿದ ಮೀಸೆ ಕಿತ್ತು ಗಿರಮಿಟ್ಟಿನ ತಟ್ಟೆಯ ಪಕ್ಕ ಇಟ್ಟ.

‘ನನಗೇನ್ ಗೊತ್ತಲೇ? ಆಕಿ ಒಲ್ಲೆ ಅಂದದ್ದು ಅವರವ್ವನ ಮುಂದ. ಅವ್ವ ನನಗ ಹೇಳೇ ಇಲ್ಲ.’

‘ಹೇಳಿದ್ರ ನೀ ಭಾರಿ ಬಿಡ್ತಿದ್ದಿ’ ಎಂದಳು ತಾಯಿಯ ಪಾತ್ರದವಳು. ಎಲ್ಲರೂ ನಕ್ಕರು.

ಅಣ್ಣನ ಮಗಳು ನನ್ನ ಚೀಟಿ ಹಿಡಿದು ಬಂದಳು. ‘ಕಾಕಾ, ಆಕಿ ಬದುಕಬೇಕು ಅಂತ ಕಡೀತನಕ ಬಡಕೋತಾಳ. ಜಿಗುಪ್ಸೆ ಯಾವ ಸೀನಿಗೆ ಬರ್ತದ, ತೋರಸ್ರಿ.’

‘ಪೇಪರಿನ್ಯಾಗ ಹಂಗ ಬರೀತಾರವಾ.’

‘ಹಂಗ ಬರದ್ರ ಯಾರ ಮ್ಯಾಲೂ ತಪ್ಪು ಬರೂದಿಲ್ಲ, ಅಲ್ರಿ?’ ಚೀಟಿ ನನ್ನ ಮುಂದೆ ಚಾಚಿ ಅಂದಳು: ‘ಈ ನಾಟಕದಾಗ ಕಾಕಾನ ಪಾರ್ಟ್ ಇಲ್ಲ. ಇದ್ದಿದ್ರ ನಿಮಗ ಕೊಡ್ತಿದ್ವಿ. ಮಾತ ಇರ್ತಿದ್ದಿಲ್ಲ, ಬಾಯಿಪಾಠ ಮಾಡೂ ತ್ರಾಸಿಲ್ಲ.’

ಚೀಟಿ ಇಸಿದುಕೊಂಡು ಮೊದಲಿನ ಎರಡು ಪದ ಹೊಡೆದುಹಾಕಿದೆ. ‘ಮದುವೆ ಒಲ್ಲೆ ಎಂದು ಆಕೆ ಹೇಳಿದ್ದು ಮನೆಯವರಿಗೆ ಗೊತ್ತಿತ್ತು’ ಎಂದು ಸೇರಿಸಿದೆ.

ಸಂಜೆ ಮನೆಗೆ ಹೋಗಲು ಧಾರವಾಡದ ಬಸ್ಸು ಹತ್ತಲಿಲ್ಲ. ಗಬ್ಬೂರಿಗೆ, ಅಣ್ಣನ ಮನೆಗೆ ಹೋದೆ. ಅವನು ಹೊರಗೆ ಗಿಡಗಳಿಗೆ ನೀರು ಹಾಕುತ್ತಿದ್ದ.

‘ಅಣ್ಣಾ, ಭಾನುವಾರ ಅವರಿಗೆ ಬರಬ್ಯಾಡ್ರಿ ಅಂತ ಹೇಳಿಬಿಡು. ಹುಡುಗಿ ಒಲ್ಲೆ ಅಂದಾಳ. ನನ್ನ ಮುಂದ ಎರಡು ಸಲ ಅಂದಾಳ.’

ಅಣ್ಣ ಪೈಪು ಕೆಳಗಿಟ್ಟು ನನ್ನ ಮುಖ ನೋಡಿದ.

‘ಎರಡು ಸಲ ಅಂದಿದ್ರ, ನೀ ಯಾಕ ಇಷ್ಟು ದಿನ ಬಾಯಿ ಮುಚ್ಚಿಕೊಂಡು ಕುಂತಿದ್ದಿ?’

ಅವನು ಕೈ ಒರೆಸಿಕೊಂಡು ಫೋನ್ ತರಲು ಒಳಗೆ ಹೋದ.