ಸಿಡಿಯದ ಗುಂಡು

ಮೊಂಟಾನಾದಲ್ಲಿ ದನದ ಮೇವಿನ ಅಂಗಡಿ ಇಟ್ಟಿದ್ದ ಥೆಲ್ಡಾ ಅತ್ತೆಗೆ ಒಂದು ಪದ್ಧತಿಯಿತ್ತು. ವರ್ಷವಿಡೀ ಸೊಂಟದ ರಿವಾಲ್ವರಿನಲ್ಲಿದ್ದ ಗುಂಡುಗಳನ್ನು ಮೊದಲ ಹಿಮ ಬಿದ್ದ ದಿನ ಹಾರಿಸಿ ಮುಗಿಸಿ, ಹೊಸವನ್ನು ತುಂಬುತ್ತಿದ್ದಳು.

"ಈ ಮೂವತ್ತೆಂಟು ಕ್ಯಾಲಿಬರಿನ ಸಣ್ಣ ಗುಂಡು ಯಾವ ಮೂಲೆಗೆ, ಅತ್ತೆ? ನಲವತ್ತೈದರ ದಪ್ಪ ಗುಂಡೇ ಆಗ್ಬೇಕು," ಎಂದು ಸೋದರಳಿಯ ಹಾಲಿಸ್ ಆ ವರ್ಷವೂ ಕೆಣಕಿದ.

"ದಪ್ಪ ಇದೆ ಅಂತ ಬೀಗಬೇಡ ಕಣೋ. ಮೊದ್ಲು ಅದು ಸಿಡೀಬೇಕು, ಆಮೇಲೆ ತಾಗ್ಬೇಕು."

ಅತ್ತೆಯ ಗುಂಡಿಗೆ ಬೇಲಿಯ ಮೇಲಿಟ್ಟ ಎರಡು ಡಬ್ಬಿಗಳು ಉರುಳಿದವು. ಮೂರನೆಯದಕ್ಕೆ ಟ್ರಿಗರ್ ಒತ್ತಿದಾಗ ಬರೀ 'ಟಿಕ್' ಎಂದಿತು.

ಹಾಲಿಸನ ಬಾಯಿಗೆ ಬಂದ ನಗು ಅಲ್ಲೇ ಒಣಗಿತು. ಸದ್ದಿಗೆ ಕಾದ ಕೈ ಎಂಥವರದ್ದಾದರೂ ಗುಂಡು ಸಿಡಿಯದಾಗಲೂ ಅದುರಿಬಿಡುತ್ತದೆ. ಅತ್ತೆಯ ರಿವಾಲ್ವರಿನ ನಳಿಗೆ ಮಾತ್ರ ಕೂದಲೆಳೆಯಷ್ಟೂ ಅಲುಗದೆ ಡಬ್ಬಿಯನ್ನೇ ನೋಡುತ್ತಿತ್ತು.

"ಈ ಗುಂಡು ಬಂದ ಪೆಟ್ಟಿಗೇದು ಯಾವ್ದೂ ಇನ್ನು ಸೊಂಟಕ್ಕೆ ಬೇಡ," ಎಂದಳು ಅವಳು.

ಬರಿಗೈಯಲ್ಲಿ ನೋಡುತ್ತಾ ನಿಂತಿದ್ದ ಹಾಲಿಸನ ಹೆಗಲು ಬಾರದ ಆ ಸದ್ದಿಗೆ ಕಿವಿಯವರೆಗೂ ಜಿಗಿದಿತ್ತು.