ಕೋರ್ಟ್ ರಸ್ತೆಯಲ್ಲಿ ತೆರೆಯದ ಫೈಲು

ಲಿನಕ್ಸಿನಲ್ಲಿ ಎಲ್ಲ ಫೈಲುಗಳೂ ತೆರೆಯುತ್ತವೆ ಎಂದು ಯಾರಾದರೂ ಹೇಳಿದರೆ ನಾನು ಮೊದಲು ಕೇಳುವುದು ಒಂದೇ: ಯಾರ ಫೈಲು? ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ವಿರೋಧದ ಕಡೆ ನಿಂತು ನಿಂತು ಅಂಟಿದ ಚಾಳಿ. ‘ಎಲ್ಲ’ ಎಂಬ ಮಾತು ಕಿವಿಗೆ ಬಿದ್ದರೆ ಸುಮ್ಮನೆ ಕೂರಲಾರೆ. ಆದರೆ ಆ ಭಾನುವಾರ ನಾನು ಅಲ್ಲಿರಲಿಲ್ಲ. ಹುಕ್ಕೇರಿಯಿಂದ ದೊಡ್ಡಪ್ಪನ ಮಗ ಬಂದು, ಗೋಕಾಕದ ಕೋರ್ಟ್ ರಸ್ತೆಯಲ್ಲಿರುವ ನಮ್ಮ ಕಾಕಿಯ, ಅಂದರೆ ಚಿಕ್ಕಮ್ಮನ, ಟೈಪಿಂಗ್ ಅಂಗಡಿಯ ಕಂಪ್ಯೂಟರಿನಿಂದ ವಿಂಡೋಸ್ ಕಿತ್ತುಹಾಕಿ ಲಿನಕ್ಸ್ ಕೂರಿಸಿದ್ದ.

ಅವನ ಕಡೆಗೂ ಒಂದು ವಾದವಿತ್ತು. ಇರಲಿಲ್ಲ ಎನ್ನುವಷ್ಟು ಅಪ್ರಾಮಾಣಿಕಳಲ್ಲ ನಾನು. ಗಿರಾಕಿಗಳು ತರುವ ಪೆನ್‌ಡ್ರೈವುಗಳ ವೈರಸ್ಸಿನಿಂದ ಕಾಕಿಯ ಫೋಲ್ಡರುಗಳು ಮೇಲಿಂದ ಮೇಲೆ ಮಾಯವಾಗುತ್ತಿದ್ದವು. ಲಿನಕ್ಸಿಗೆ ಆ ಕಾಟ ಕಡಿಮೆ. ಅವಳ ಹಳೆಯ ಫೈಲುಗಳನ್ನೂ ಅವನು ಜೋಪಾನವಾಗಿ ಎತ್ತಿಟ್ಟು ಮರಳಿ ಹಾಕಿದ್ದ. ಇಲ್ಲಿಯವರೆಗೆ ಒಪ್ಪಿದೆ. ಒಪ್ಪದೇ ಇರುವುದು ಅವನು ತೋರಿಸಿದ ಪ್ರಯೋಗವನ್ನು. ಕಾಕಿಯನ್ನು ಪಕ್ಕಕ್ಕೆ ಕೂರಿಸಿಕೊಂಡು ಒಂದು ಫೋಟೋ ತೆರೆದನಂತೆ. ಆಮೇಲೆ ಪಿಡಿಎಫ್, ಹಾಡು, ವಿಡಿಯೋ, ಎಕ್ಸೆಲ್ ಶೀಟು. ಎಲ್ಲವೂ ಒಂದೇ ಏಟಿಗೆ ತೆರೆದವು. ಎಲ್ಲವೂ ಅವನದೇ ಲ್ಯಾಪ್‌ಟಾಪಿನಿಂದ ತಂದವು. ಸಾಕ್ಷಿಗಳನ್ನು ತಾನೇ ಕರೆತಂದು, ತಾನೇ ವಿಚಾರಣೆ ಮಾಡಿ, ತಾನೇ ತೀರ್ಪು ಕೊಟ್ಟುಕೊಂಡ.

ಕೋರ್ಟ್ ರಸ್ತೆಯ ಪದ್ಧತಿ ಅವನಿಗೆ ಗೊತ್ತಿರಲಿಲ್ಲ, ಕೇಳಲೂ ಇಲ್ಲ. ಇಲ್ಲಿ ಯಾರೂ ಹೊಸದಾಗಿ ಟೈಪ್ ಮಾಡಿಸುವುದಿಲ್ಲ. ವಕೀಲರು ಬಂದು “ಹೋದ ಸರ್ತಿದ್ದ ತಗೀರಿ” ಅನ್ನುತ್ತಾರೆ. ಹಿಂದಿನ ದಾವೆಯ ಫೈಲು ತೆರೆದು, ಹೆಸರು, ಊರು, ಸರ್ವೆ ನಂಬರು ತಿದ್ದಿ ಪ್ರಿಂಟ್ ಕೊಡಬೇಕು. ತಿದ್ದಿದ್ದು ಅಂಗಡಿಯ ಕಂಪ್ಯೂಟರಿನಲ್ಲೇ ಉಳಿಯುತ್ತದೆ, ಮುಂದಿನ ಸಲ ಅದೇ ‘ಹೋದ ಸರ್ತಿದ್ದು’. ಹೀಗಾಗಿ ಕೊನೆಯ ಫೈಲು ಯಾರ ಹತ್ತಿರ ಇದೆಯೋ ಗಿರಾಕಿ ಅವರವನು. ಈ ಫೈಲುಗಳೆಲ್ಲ ಹಳೆಯ ಕಾಲದ ಕನ್ನಡ ಫಾಂಟಿನಲ್ಲಿ ಟೈಪಾದವು. ಅವುಗಳ ಹೊಟ್ಟೆಯಲ್ಲಿರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳು. ಕನ್ನಡವಾಗಿ ಕಾಣುವುದು ಆ ಫಾಂಟು ಇದ್ದಾಗ ಮಾತ್ರ. ಕಿತ್ತುಹಾಕಿದ ವಿಂಡೋಸಿನ ಜೊತೆ ಫಾಂಟೂ ಹೋಗಿತ್ತು.

ಸೋಮವಾರ ಬೆಳಗಿನ ಕ್ಲಾಸು ಮುಗಿಸಿ ನಾನು ಅಂಗಡಿಗೆ ಹೋದಾಗ ಹುಕ್ಕೇರಿಯ ಅಣ್ಣ ಇನ್ನೂ ಅಲ್ಲೇ ಇದ್ದ. ರಜೆ ಹಾಕಿದ್ದು ಹೊಗಳಿಕೆ ಕೇಳುವುದಕ್ಕೇ ಇರಬೇಕು. ನನ್ನ ಹಿಂದೆಯೇ ಒಬ್ಬ ವಕೀಲರು ಬಂದರು. ಕಾಕಿಯ ಅರ್ಧ ಅಂಗಡಿ ನಡೆಯುವುದೇ ಅವರ ಕೆಲಸದಿಂದ, ಪಕ್ಕದಲ್ಲೇ ಇರುವ ಬಾಜೂ ಟೈಪಿಂಗ್ ಅಂಗಡಿಯವನ ಕಣ್ಣೂ ಅವರ ಮೇಲೆಯೇ. ಮೂಡಲಗಿಯ ಕಕ್ಷಿದಾರನೊಬ್ಬನ ಅಫಿಡವಿಟ್, ಊಟದ ಹೊತ್ತಿನೊಳಗೆ ಬೇಕಂತೆ. ಕಾಕಿ ಫೈಲು ತೆರೆದಳು. ತೆರೆಯಿತು. ತಲೆಯ ಮೇಲೆ ಗೆರೆ ಹೊತ್ತ ಇಂಗ್ಲಿಷ್ ಅಕ್ಷರಗಳು, ಪೌಂಡಿನ ಗುರುತು, ಎಲ್ಲೆಲ್ಲೋ ಚುಕ್ಕಿ.

ವಕೀಲರು ಕನ್ನಡಕ ಏರಿಸಿ ನೋಡಿದರು. “ಏನ್ರಿ ಅಕ್ಕಾರ, ನನ್ನ ಅಫಿಡವಿಟ್ ಯಾವ ದೇಶಕ್ಕ ಹೊಂಟೈತಿ?”

ಕಾಕಿ ನಗಲಿಲ್ಲ, ಅಣ್ಣನ ಕಡೆ ನೋಡಿದಳು. ಅಣ್ಣ ಎದ್ದು ನಿಂತ. ಫಾಂಟು ಹುಡುಕಬಹುದಿತ್ತು. ಅದನ್ನು ಬಿಟ್ಟು ಭಾಷಣ ಶುರು ಮಾಡಿದ. “ಫೈಲ್ ತೆರದೈತಲ್ರಿ ಸರ್. ನೀವು ಟೈಪ್ ಮಾಡ್ಸಿದ್ದ ತಪ್ಪೈತಿ.” ಎಲ್ಲ ಕಂಪ್ಯೂಟರಿನಲ್ಲೂ ಕನ್ನಡವಾಗಿಯೇ ಕಾಣುವ ಯೂನಿಕೋಡ್, ಮುಕ್ತ ತಂತ್ರಾಂಶ, ಬಳಸುವವನ ಸ್ವಾತಂತ್ರ್ಯ. ವಕೀಲರು ವಾಚು ನೋಡಿಕೊಂಡರು.

“ಅಣ್ಣಾ,” ಅಂದೆ, “ಓದಾಕ ಬರಲಾರದ್ದನ್ನ ತೆರದೈತಿ ಅಂತ ಯಾವ ಬಾಯಿಲೆ ಅಂತೀ?”

ತೆರೆಯುವುದು ಬೇರೆ, ತೋರಿಸುವುದು ಬೇರೆ ಎಂದ. ಹಾಗಾದರೆ ಕೀಲಿ ತಿರುಗಿದರೆ ಸಾಕು, ಬಾಗಿಲು ಸರಿಯದಿದ್ದರೂ ಮನೆ ತೆರೆದಂತೆಯೇ ಎಂದೆ. ಈ ಅಂಗಡಿಯ ಒಂದೇ ಒಂದು ಫೈಲು ಪರೀಕ್ಷೆ ಮಾಡಿದ್ದೀಯಾ ಎಂದು ಕೇಳಿದೆ. ಅವು ಪ್ರಮಾಣಿತ ಅಲ್ಲ ಎಂದ. ಗಿರಾಕಿ ತರುವುದೇ ಇಲ್ಲಿ ಪ್ರಮಾಣಿತ ಎಂದೆ. ನೀನು ದೊಡ್ಡ ಕಂಪನಿಗಳ ಪರ ಎಂದ. ನಾನು ಆಡದ ಮಾತನ್ನು ನನ್ನ ಬಾಯಿಗೆ ತುರುಕಬೇಡ ಎಂದೆ. ಒಂದೊಂದೇ ಅಂಶ ಅವನ ಕೈತಪ್ಪಿತು. ಸ್ಪರ್ಧೆಯಾಗಿದ್ದರೆ ತೀರ್ಪುಗಾರರು ತಲೆ ಎತ್ತುವ ಅಗತ್ಯವೂ ಇರುತ್ತಿರಲಿಲ್ಲ.

ತಲೆ ಎತ್ತಿದವರು ವಕೀಲರು. “ಇರ್ಲಿ ಬಿಡ್ರಿ ಅಕ್ಕಾರ. ಆ ಫೈಲ್ ಇದಕ್ಕ ಹಾಕಿ ಕೊಡ್ರಿ, ಬಾಜೂ ನೋಡ್ತೀನಿ.” ಕಿಸೆಯಿಂದ ಪೆನ್‌ಡ್ರೈವ್ ತೆಗೆದರು. ಬಾಜೂದಲ್ಲಿ ವಿಂಡೋಸೂ ಹಳೆಯ ಫಾಂಟೂ ಇನ್ನೂ ಇದ್ದವು. ಎರಡು ನಿಮಿಷ ನಿಲ್ಲಿರಿ ಎಂದು ಕಾಕಿ ಎರಡು ಸಲ ಕೇಳಿಕೊಂಡಳು. ಆಮೇಲೆ ತನ್ನ ಕೈಯಾರೆ ನಕಲು ಮಾಡಿ ಕೊಟ್ಟಳು. ನಕಲು ಮಾಡುವುದರಲ್ಲಿ ಲಿನಕ್ಸ್ ಒಂದಿಷ್ಟೂ ತಡ ಮಾಡಲಿಲ್ಲ.

ಅವರು ಮೆಟ್ಟಿಲಿಳಿದ ಮೇಲೆ ಅಣ್ಣ ನನ್ನ ಫೋನಿನ ಇಂಟರ್ನೆಟ್ ಕೇಳಿದ. ಕೊಟ್ಟೆ. ಆ ಹಳೆಯ ಫಾಂಟು ಎಲ್ಲೋ ಸಿಕ್ಕಿತು, ಇಳಿಸಿ ಹಾಕಿದ, ಫೈಲು ಮುಚ್ಚಿ ಮತ್ತೆ ತೆರೆದ. ಪರದೆಯ ತುಂಬ ಕನ್ನಡ. ಅರ್ಜಿದಾರ, ಊರು, ಜಮೀನಿನ ಚಕ್ಕುಬಂದಿ, ಎಲ್ಲ ನೆಟ್ಟಗೆ. ತಿದ್ದಬೇಕೆಂದರೆ ಆ ಹಳೆಯ ಕೀಲಿಮಣೆಯ ತಂತ್ರಾಂಶವೂ ಬೇಕಲ್ಲ ಎಂದು ನಾನು ಹೇಳುವುದರಲ್ಲಿದ್ದೆ. ಅಷ್ಟರಲ್ಲಿ ನಡುವಿನ ತಗಡಿನ ಗೋಡೆಯಾಚೆ ಬಾಜೂ ಅಂಗಡಿಯ ಪ್ರಿಂಟರು ಗರಗರ ಎಂದಿತು.

“ಛಂದ ಬಂತು,” ಎಂದಳು ಕಾಕಿ. “ಈಗ ಯಾರಿಗೆ ತೋರಿಸ್ಲಿ?”

ನಾಳೆ ಇನ್ನೊಬ್ಬರು ಬರುತ್ತಾರೆ ಎಂದ ಅಣ್ಣ. ಅದಕ್ಕೆ ಉತ್ತರ ಕೊಡಲು ನಾನು ಬಾಯಿ ತೆರೆದೆ, ಕಾಕಿ ಕೈ ಎತ್ತಿ ಇಬ್ಬರಿಗೂ ಬಾಗಿಲು ತೋರಿಸಿದಳು. ಹೊರಗೆ ಬರುವಾಗ ವಕೀಲರು ಕಾಗದ ಹಿಡಿದು ಕೋರ್ಟಿನ ಕಡೆ ಓಡುತ್ತಿದ್ದರು. ನಮಗೊಂದು ನಮಸ್ಕಾರವನ್ನೂ ಮಾಡಿದರು. ‘ಹೋದ ಸರ್ತಿದ್ದು’ ಈಗ ಬಾಜೂ ಅಂಗಡಿಯಲ್ಲಿತ್ತು.